ಮೂಲವೆಂಬ ಮುದ್ರಿಕೆ, ಮೀರುವ ಗಾಯನ: ರಾಕ್ ಸಂಗೀತದ ಮರುಗಾಯನ ಕುರಿತು ಒಂದು ಜಾನಪದೀಯ ವಿವೇಚನೆ

ಒಬ್ಬರು ಹಾಡಿ ಪ್ರಸಿದ್ಧಗೊಳಿಸಿದ ಗೀತೆಯನ್ನು ಮತ್ತೊಬ್ಬರು ಹಾಡುವುದನ್ನು ಪಾಶ್ಚಾತ್ಯ ಜನಪ್ರಿಯ ಸಂಗೀತದ ಪರಿಭಾಷೆಯಲ್ಲಿ ‘ಕವರ್’ ಎಂದು ಕರೆಯಲಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಇದನ್ನು ‘ಮರುಗಾಯನ’ ಎಂದು ಕರೆದಿದ್ದೇನೆ. ವೇದಿಕೆಯ ಮೇಲೆ, ಜನರೆದುರು ನಡೆಯುವ ಮರುಗಾಯನವೊಂದು ಮೂಲಗೀತೆಯನ್ನು ಮೀರಬಲ್ಲದೇ ಎಂಬುದು ರಾಕ್ ಸಂಗೀತದ ಕೇಳುಗರಲ್ಲಿ ಮೇಲಿಂದ ಮೇಲೆ ಏಳುವ ಪ್ರಶ್ನೆ. ಮೇಲ್ನೋಟಕ್ಕೆ ಇದು ಅಭಿರುಚಿಗೆ ಸಂಬಂಧಿಸಿದ ಚರ್ಚೆಯಂತೆ ಕಾಣುತ್ತದೆ. ಆದರೆ ಮೂಲ ಯಾವುದು, ಅದಕ್ಕೆ ಆ ಸ್ಥಾನವನ್ನು ನೀಡಿದವರು ಯಾರು, ಪ್ರದರ್ಶನಕ್ಕೂ ಪಠ್ಯಕ್ಕೂ ಇರುವ ಸಂಬಂಧವೇನು ಎಂಬ ಪ್ರಶ್ನೆಗಳು ಇದರೊಳಗೆ ಅಡಗಿವೆ. ಇವು ಜಾನಪದ ಅಧ್ಯಯನ ಬಹುಕಾಲದಿಂದ ಎದುರಿಸುತ್ತ ಬಂದಿರುವ ಪ್ರಶ್ನೆಗಳೇ ಆಗಿವೆ. ಆದ್ದರಿಂದ ಜಾನಪದ ವಿದ್ಯಾರ್ಥಿಯೊಬ್ಬ ರಾಕ್ ಸಂಗೀತವನ್ನು ಕುರಿತು ಬರೆಯುವುದು ಅಧಿಕಪ್ರಸಂಗವಾಗಲಾರದೆಂದು ಭಾವಿಸುತ್ತೇನೆ.

೧. ಮೂಲ ಎಂಬ ಪರಿಕಲ್ಪನೆ

ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯಾದ ಕಾವ್ಯಗಾಯಕರ ನಡುವೆ ಕ್ಷೇತ್ರಕಾರ್ಯ ನಡೆಸಿದರು. ಅದನ್ನು ಮುಂದುವರಿಸಿದ ಆಲ್ಬರ್ಟ್ ಲಾರ್ಡ್ ಅವರ ‘ದ ಸಿಂಗರ್ ಆಫ್ ಟೇಲ್ಸ್’ 1960ರಲ್ಲಿ ಪ್ರಕಟವಾಯಿತು. ಮೌಖಿಕ ಪರಂಪರೆಯಲ್ಲಿ ಪ್ರತಿಯೊಂದು ಗಾಯನವೂ ತನ್ನಷ್ಟಕ್ಕೆ ತಾನೇ ಮೂಲ ಎಂಬುದು ಲಾರ್ಡ್ ಅವರ ಪ್ರತಿಪಾದನೆಯ ತಿರುಳು. ನಮ್ಮವರೇ ಆದ ಎ.ಕೆ. ರಾಮಾನುಜನ್ ರಾಮಾಯಣಗಳನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ‘ಪಾಠಾಂತರ’ ಎಂಬ ಅರ್ಥದ ಪದವನ್ನು ಬದಿಗಿಟ್ಟು ‘ಹೇಳುವಿಕೆ’ ಎಂಬ ಅರ್ಥದ ಪದವನ್ನು ಆರಿಸಿಕೊಂಡರು. ಪಾಠಾಂತರ ಎಂದೊಡನೆ ಎಲ್ಲೋ ಒಂದು ಮೂಲಪಾಠವಿದ್ದು, ಉಳಿದವೆಲ್ಲ ಅದರಿಂದ ಜಾರಿದವು ಎಂಬ ಗ್ರಹಿಕೆ ತಾನಾಗಿ ಬರುತ್ತದೆ ಎಂಬ ಎಚ್ಚರ ಅದರ ಹಿಂದಿತ್ತು.

ರಾಕ್ ಸಂಗೀತ ಇದಕ್ಕಿಂತ ಭಿನ್ನವಾದ ನೆಲೆಯಲ್ಲಿದೆ. ಇಲ್ಲಿ ಮೂಲವೆಂದರೆ ಕವಿ ಬರೆದ ಸಾಹಿತ್ಯವೂ ಅಲ್ಲ, ಸ್ವರಲಿಪಿಯೂ ಅಲ್ಲ. ನಿರ್ದಿಷ್ಟ ದಿನಾಂಕ, ನಿರ್ದಿಷ್ಟ ಕಂಠ, ನಿರ್ದಿಷ್ಟ ವಾದ್ಯಧ್ವನಿಗಳನ್ನು ಹೊತ್ತ ಧ್ವನಿಮುದ್ರಿಕೆ. ಜನಪದ ಗೀತೆಯ ಮೂಲ ಮಂಜಿನೊಳಗಿದ್ದರೆ ರಾಕ್ ಗೀತೆಯ ಮೂಲ ಅಂಗಡಿಯಲ್ಲಿ ದೊರೆಯುತ್ತದೆ. ಈ ಕಾರಣದಿಂದಲೇ ಇಲ್ಲಿ ‘ಮೀರುವುದು’ ಎಂಬ ಮಾತಿಗೆ ಅರ್ಥ ಬರುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಕೇಳಬಹುದು, ತೂಗಬಹುದು.

ಮೀರುವುದೆಂದರೆ ಹೆಚ್ಚು ಮಾರಾಟವಾಗುವುದಲ್ಲ ಎಂಬುದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಅಗತ್ಯ. 1950ರ ದಶಕದ ಅಮೆರಿಕದಲ್ಲಿ ಕಪ್ಪುಜನರ ಗೀತೆಗಳನ್ನು ಬಿಳಿಯ ಗಾಯಕರಿಂದ ಹಾಡಿಸಿ ಬಿಳಿಯ ಮಾರುಕಟ್ಟೆಗೆ ಒದಗಿಸುವುದು ಉದ್ಯಮದ ರೂಢಿಯಾಗಿತ್ತು. ಲಿಟ್ಲ್ ರಿಚರ್ಡ್ 1955ರಲ್ಲಿ ಮುದ್ರಿಸಿದ ‘ಟೂಟಿ ಫ್ರೂಟಿ’ಯನ್ನು ಪ್ಯಾಟ್ ಬೂನ್ ಒಡನೆಯೇ ಹಾಡಿ ಜನಪ್ರಿಯತೆಯ ಪಟ್ಟಿಯಲ್ಲಿ ಮುಂದೆ ಹೋದರು. ಇಂದು ಆ ಗೀತೆಯನ್ನು ಕೇಳಬಯಸುವವರು ಹುಡುಕುವುದು ಲಿಟ್ಲ್ ರಿಚರ್ಡ್ ಅವರ ಕಂಠವನ್ನೇ. ಮಾರುಕಟ್ಟೆಯ ಗೆಲುವನ್ನು ಕಲೆಯ ಗೆಲುವೆಂದು ಓದುವ ಅಪಾಯಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

೨. ವುಡ್‌ಸ್ಟಾಕ್, 1969

ವೇದಿಕೆಯ ಮರುಗಾಯನ ಮೂಲವನ್ನು ಮೀರಿತೆಂದು ವಾದಿಸುವವರು ಸಾಮಾನ್ಯವಾಗಿ ಮುಂದಿಡುವ ಸಾಕ್ಷ್ಯ ಜೋ ಕಾಕರ್ ವುಡ್‌ಸ್ಟಾಕ್ ಉತ್ಸವದಲ್ಲಿ 1969ರ ಆಗಸ್ಟ್ 17ರಂದು ಹಾಡಿದ ‘ವಿತ್ ಎ ಲಿಟ್ಲ್ ಹೆಲ್ಪ್ ಫ್ರಮ್ ಮೈ ಫ್ರೆಂಡ್ಸ್’. ಲೆನನ್ ಮತ್ತು ಮೆಕಾರ್ಟ್ನಿ ರಚಿಸಿದ ಈ ಗೀತೆ ಬೀಟಲ್ಸ್ ತಂಡದ 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಂನಲ್ಲಿದೆ. ತಂಡದ ಡ್ರಮ್ ವಾದಕ ರಿಂಗೋ ಸ್ಟಾರ್ ಅವರಿಗಾಗಿ ಬರೆದದ್ದರಿಂದ ರಾಗದ ಏರಿಳಿತ ಅವರ ಧ್ವನಿಯ ಮಿತಿಯೊಳಗೇ ಇದೆ. ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಈ ಹಾಡಿನಲ್ಲಿ ಗೆಳೆಯರು ಪ್ರಶ್ನೆ ಕೇಳುತ್ತಾರೆ, ಗಾಯಕ ಉತ್ತರಿಸುತ್ತಾನೆ. ದನಿ ಅಷ್ಟೇನೂ ಚೆನ್ನಾಗಿಲ್ಲದ ಮನುಷ್ಯನೊಬ್ಬ ಗೆಳೆಯರ ಆಸರೆಯಲ್ಲಿ ಹಾಡಿ ಮುಗಿಸುವ ಸರಳ ವಿನೋದವೇ ಈ ಮುದ್ರಿಕೆಯ ಜೀವ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಬೀಟಲ್ಸ್ ತಂಡ 1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕಾರ್ಯಕ್ರಮದೊಂದಿಗೆ ಪ್ರವಾಸ ಗಾಯನವನ್ನು ನಿಲ್ಲಿಸಿತ್ತು. ‘ಸಾರ್ಜೆಂಟ್ ಪೆಪ್ಪರ್’ ವೇದಿಕೆಗೆ ಬೆನ್ನು ತಿರುಗಿಸಿದ ನಂತರ ಸ್ಟುಡಿಯೋದಲ್ಲಿಯೇ ಕಟ್ಟಿದ ಕೃತಿ. ಅಂದರೆ ಈ ಹಾಡು ಬೀಟಲ್ಸ್ ತಂಡದ ಕಛೇರಿಗಳಲ್ಲಿ ಎಂದೂ ಪ್ರದರ್ಶನದ ಕಾವಿಗೆ ಒಡ್ಡಿಕೊಂಡಿರಲಿಲ್ಲ. ಕಾಕರ್ ಪೈಪೋಟಿಗಿಳಿದದ್ದು ಇನ್ನೊಂದು ಪ್ರದರ್ಶನದೊಂದಿಗೆ ಅಲ್ಲ; ಪ್ರದರ್ಶನವೇ ಇಲ್ಲದ ಪಠ್ಯವೊಂದಕ್ಕೆ ಅವರು ಪ್ರದರ್ಶನವನ್ನು ಒದಗಿಸಿದರು. ಯಕ್ಷಗಾನದ ಪ್ರಸಂಗ ಪಠ್ಯವೊಂದು ಭಾಗವತರ ಕಂಠಕ್ಕೂ ವೇಷಧಾರಿಯ ಮಾತಿಗೂ ಕಾಯುತ್ತಿರುವಂತೆ ಈ ಹಾಡು ಕಾಯುತ್ತಿತ್ತು ಎನ್ನಬಹುದು.

ಶೆಫೀಲ್ಡ್ ಪಟ್ಟಣದಲ್ಲಿ ಗ್ಯಾಸ್ ಕೊಳವೆ ಜೋಡಿಸುವ ಕೆಲಸ ಕಲಿತಿದ್ದ ಕಾಕರ್ ಈ ಗೀತೆಯನ್ನು 1968ರಲ್ಲಿ ಸ್ಟುಡಿಯೋದಲ್ಲಿ ಮುದ್ರಿಸಿದ್ದರು. ಅದು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತ್ತು. ಅವರು ನಡಿಗೆಯ ಲಯವನ್ನು ಬಿಟ್ಟು ಮೂರರ ಗತಿಯಲ್ಲಿ ತೂಗುವ ವಿಳಂಬ ಲಯವನ್ನು ತಂದರು. ಮುದ್ರಿಕೆಯಲ್ಲಿ ಹೆಣ್ಣು ದನಿಗಳ ಹಿಮ್ಮೇಳವಿತ್ತು. ವುಡ್‌ಸ್ಟಾಕ್‌ನಲ್ಲಿ ಆ ಗಾಯಕಿಯರಿರಲಿಲ್ಲ. ‘ಗ್ರೀಸ್ ಬ್ಯಾಂಡ್’ನ ಗಂಡಸರೇ ಕೃತಕವಾಗಿ ಎತ್ತರಿಸಿದ ದನಿಯಲ್ಲಿ ಪ್ರಶ್ನೆಗಳನ್ನು ಕೇಳಿದರು. ಆ ಕೊರತೆಯೇ ವರವಾಯಿತು. ಬೀಟಲ್ಸ್ ತಂಡದಲ್ಲಿ ಗೆಳೆಯರ ಹಾಸ್ಯವಾಗಿದ್ದ ಪ್ರಶ್ನೆ ಇಲ್ಲಿ ಕೀರಲು ದನಿಯ ಒತ್ತಾಯವಾಗುತ್ತದೆ. ಉತ್ತರ ನೆಮ್ಮದಿಯ ಮಾತಾಗಿ ಉಳಿಯದೆ ಬೇಡಿಕೆಯಾಗುತ್ತದೆ. ನೆರವಿದೆ ಎಂದು ರಿಂಗೋ ಹೇಳುತ್ತಾರೆ. ನೆರವು ಬೇಕು ಎಂದು ಕಾಕರ್ ಕೂಗುತ್ತಾರೆ. ಸಾಹಿತ್ಯ ಬಹುಮಟ್ಟಿಗೆ ಅದೇ. ಭಾವಸ್ಥಿತಿ ಮಾತ್ರ ತಲೆಕೆಳಗಾಗಿದೆ.

ಸಂದರ್ಭವೂ ಹಾಡಿನ ಅರ್ಥದಲ್ಲಿ ಪಾಲುಗೊಂಡಿತು. ಲಕ್ಷಾಂತರ ಜನ ಕೆಸರಿನಲ್ಲಿ, ಊಟ ನೀರಿನ ಅಭಾವದಲ್ಲಿ, ಪರಸ್ಪರ ನೆರವಿನಿಂದಲೇ ದಿನ ಕಳೆಯುತ್ತಿದ್ದಾಗ ಗೆಳೆಯರ ನೆರವನ್ನು ಕುರಿತ ಹಾಡು ಅವರ ಮುಂದೆ ಹಾಡಲ್ಪಟ್ಟಿತು. ಕಾಕರ್ ಅವರ ಗಾಯನ ಮುಗಿಯುತ್ತಿದ್ದಂತೆ ಬಿರುಗಾಳಿ ಮಳೆ ಬಂದು ಉತ್ಸವ ಹಲವು ಗಂಟೆ ನಿಂತಿತು. ರಿಚರ್ಡ್ ಬೌಮನ್ ಮೊದಲಾದ ಪ್ರದರ್ಶನ ಸಿದ್ಧಾಂತಿಗಳು ಹೇಳುವಂತೆ ಅರ್ಥ ಹಾಡಿನ ಪದಗಳಲ್ಲಿ ಮಾತ್ರವಿರದೆ ಹಾಡುವವನೂ ಕೇಳುವವರೂ ಕೂಡಿ ನಿರ್ಮಿಸುವ ಘಟನೆಯಲ್ಲಿರುತ್ತದೆ. ಈ ನೆಲೆಯಿಂದ ನೋಡಿದಾಗ ಕಾಕರ್ ಅವರ ಗಾಯನ ಮೂಲವನ್ನು ಮೀರಿತೆಂಬ ಮಾತನ್ನು ಒಪ್ಪಲು ನನಗೆ ಅಡ್ಡಿಯಿಲ್ಲ. ಆದರೆ ಬೀಟಲ್ಸ್ ಮುದ್ರಿಕೆಯ ನಸುನಗೆ, ಹಗುರತನ, ತನ್ನ ಮಿತಿಯನ್ನು ಬಲ್ಲ ಗಾಯಕನ ವಿನಯ ಇಲ್ಲಿ ಕಳೆದುಹೋಗಿವೆ ಎಂಬುದನ್ನು ಮರೆಯುವಂತಿಲ್ಲ. ಪಡೆದುದರ ಜೊತೆಗೆ ಕಳೆದುಕೊಂಡುದರ ಲೆಕ್ಕವನ್ನೂ ವಿಮರ್ಶೆ ಇಡಬೇಕಾಗುತ್ತದೆ.

೩. ವೇದಿಕೆಯ ಮಿತಿ

ನೇರ ಪ್ರದರ್ಶನ ತಾನಾಗಿಯೇ ಶ್ರೇಷ್ಠ ಎಂಬ ನಂಬಿಕೆ ರಾಕ್ ಸಂಗೀತದ ಅಭಿಮಾನಿಗಳಲ್ಲಿಯೂ ಇದೆ, ನಮ್ಮ ಜಾನಪದ ವಿದ್ವಾಂಸರಲ್ಲಿಯೂ ಇದೆ. ಈ ನಂಬಿಕೆಯನ್ನು ಪರೀಕ್ಷಿಸಲು ಬಾಬ್ ಡಿಲನ್ ಅವರ ‘ಆಲ್ ಅಲಾಂಗ್ ದ ವಾಚ್‌ಟವರ್’ ಉಪಯುಕ್ತ. 1967ರ ಕೊನೆಯಲ್ಲಿ ಬಂದ ಈ ಗೀತೆಯಲ್ಲಿ ಪಲ್ಲವಿಯಿಲ್ಲ, ಮೂರೇ ಚರಣಗಳಿವೆ; ಗಿಟಾರ್, ಬಾಸ್, ಡ್ರಮ್, ಹಾರ್ಮೋನಿಕಾ ಇಷ್ಟೇ ವಾದ್ಯಗಳು. ಜಿಮಿ ಹೆಂಡ್ರಿಕ್ಸ್ 1968ರಲ್ಲಿ ಇದನ್ನು ಲಂಡನ್ ಮತ್ತು ನ್ಯೂಯಾರ್ಕ್‌ಗಳ ಸ್ಟುಡಿಯೋಗಳಲ್ಲಿ ಪದರ ಪದರವಾಗಿ ಕಟ್ಟಿದರು. ಡಿಲನ್ ಮಾತಿನಲ್ಲಿ ಸೂಚಿಸಿ ಬಿಟ್ಟ ಬಿರುಗಾಳಿಯನ್ನು ಹೆಂಡ್ರಿಕ್ಸ್ ಅವರ ಗಿಟಾರ್ ಕೇಳಿಸುವಂತೆ ಮಾಡಿತು. ಹೆಂಡ್ರಿಕ್ಸ್ ಇದೇ ಗೀತೆಯನ್ನು 1970ರಲ್ಲಿ ಐಲ್ ಆಫ್ ವೈಟ್ ಉತ್ಸವದ ವೇದಿಕೆಯಲ್ಲಿಯೂ ನುಡಿಸಿದರು. ಸ್ಟುಡಿಯೋದಲ್ಲಿ ಒಬ್ಬರೇ ಹಲವು ಗಿಟಾರುಗಳಾಗಿದ್ದವರು ಮೂವರ ತಂಡದಲ್ಲಿ ಒಂದೇ ಗಿಟಾರ್ ಆಗಬೇಕಾಯಿತು. ಈ ವೇದಿಕೆಯ ರೂಪ ಡಿಲನ್ ಅವರ ಮೂಲವನ್ನು ಮೀರುವ ಮಾತಿರಲಿ, ಹೆಂಡ್ರಿಕ್ಸ್ ಅವರದೇ ಮುದ್ರಿಕೆಯ ಮಟ್ಟವನ್ನು ಮುಟ್ಟುವುದಿಲ್ಲ.

ಕುತೂಹಲದ ತಿರುವು ಇರುವುದು ಮುಂದೆ. ಡಿಲನ್ ಈ ಗೀತೆಯನ್ನು ವೇದಿಕೆಯ ಮೇಲೆ ಹಾಡತೊಡಗಿದ್ದು 1974ರಲ್ಲಿ. ಆಗ ಅವರು ತಮ್ಮ ಮುದ್ರಿಕೆಯ ಮಂದ್ರ ದಾರಿಯನ್ನು ಬಿಟ್ಟು ಹೆಂಡ್ರಿಕ್ಸ್ ತೋರಿದ ಹಾದಿಯನ್ನು ಹಿಡಿದರು. ಹೆಂಡ್ರಿಕ್ಸ್ ತೀರಿಕೊಂಡ ಮೇಲೆ ತಾವು ಈ ಹಾಡನ್ನು ಅವರ ರೀತಿಯಲ್ಲಿಯೇ ಹಾಡುತ್ತಿರುವುದಾಗಿ ಸ್ವತಃ ಒಪ್ಪಿಕೊಂಡರು. ಮೂಲಕರ್ತೃವೇ ತನ್ನ ಹಾಡಿನ ಮರುಗಾಯಕನಾದ ನಿದರ್ಶನವಿದು. ಮರುಗಾಯನವೊಂದು ಮೂಲವನ್ನು ಮೀರಿತೇ ಎಂಬುದಕ್ಕೆ ಒಂದು ಖಚಿತ ಒರೆಗಲ್ಲು ಇಲ್ಲಿ ದೊರೆಯುತ್ತದೆ: ಅನಂತರ ಹಾಡುವವರು ಯಾವ ದಾರಿಯಲ್ಲಿ ಹೋದರು? ಪರಂಪರೆ ಯಾವ ರೂಪವನ್ನು ತನ್ನದಾಗಿಸಿಕೊಂಡಿತು? ಜನಪದ ಗೀತೆಗಳಲ್ಲಿ ಮಾರ್ಪಾಟು ಉಳಿಯುವುದು ಅಥವಾ ಅಳಿಯುವುದು ಹೀಗೆಯೇ. ತೀರ್ಪು ನೀಡುವವರು ಮುಂದಿನ ಗಾಯಕರು.

೪. ಮರಣದ ನೆರಳು

ಮೂರನೆಯ ನಿದರ್ಶನ ನಿರ್ವಾನಾ ತಂಡ 1993ರ ನವೆಂಬರ್ 18ರಂದು ನ್ಯೂಯಾರ್ಕ್‌ನಲ್ಲಿ, ದೂರದರ್ಶನ ವಾಹಿನಿಯೊಂದರ ಸಲುವಾಗಿ ನಡೆಸಿದ ಕಛೇರಿ. ಅಂದಿನ 14 ಗೀತೆಗಳಲ್ಲಿ 6 ಬೇರೆಯವರವು. ಕೊನೆಯದು ‘ವೇರ್ ಡಿಡ್ ಯು ಸ್ಲೀಪ್ ಲಾಸ್ಟ್ ನೈಟ್’. ಕರ್ಟ್ ಕೊಬೇನ್ ಇದನ್ನು ತಾವು ಮೆಚ್ಚಿದ ಲೆಡ್ ಬೆಲಿ ಎಂಬ ಕಪ್ಪು ಗಾಯಕನ ಹಾಡೆಂದು ಪರಿಚಯಿಸಿದರು. ಲೆಡ್ ಬೆಲಿ 1940ರ ದಶಕದಲ್ಲಿ ಇದನ್ನು ಮುದ್ರಿಸಿದ್ದು ನಿಜ. ಆದರೆ ಹಾಡು ಅವರದಲ್ಲ. ಇದು ಅಪಲೇಚಿಯನ್ ಬೆಟ್ಟಸೀಮೆಯ ಜನಪದ ಗೀತೆ. ಇಂಗ್ಲಿಷ್ ಜಾನಪದ ಸಂಗ್ರಾಹಕ ಸೆಸಿಲ್ ಶಾರ್ಪ್ 1917ರಲ್ಲಿಯೇ ಇದರ ನಾಲ್ಕು ಸಾಲುಗಳನ್ನು ಬರೆದುಕೊಂಡಿದ್ದರು. ಮೂಲವೆಂದು ನಾವು ತಿಳಿದದ್ದೇ ಒಂದು ಮರುಗಾಯನವಾಗಿತ್ತು.

ಲೆಡ್ ಬೆಲಿಯ ಗಾಯನದಲ್ಲಿ ಸಮಚಿತ್ತವಿದೆ. ಭೀಕರವಾದುದನ್ನು ನಿತ್ಯದ ಸಂಗತಿಯಂತೆ ಹೇಳುವ ಬಲವಿದೆ. ಇದು ಜನಪದ ಕಥನಗೀತೆಗಳ ಸಾಮಾನ್ಯ ಲಕ್ಷಣವೂ ಹೌದು. ಕೊಬೇನ್ ಬಹುಭಾಗ ಅದೇ ಸಂಯಮದಲ್ಲಿ ಹಾಡಿ, ಕೊನೆಯ ಚರಣದಲ್ಲಿ ಒಮ್ಮೆಲೇ ದನಿಯನ್ನು ಒಂದು ಸ್ಥಾಯಿ ಮೇಲಕ್ಕೆ ಒಯ್ಯುತ್ತಾರೆ. ಕಂಠ ಒಡೆಯುತ್ತದೆ. ಮುಕ್ತಾಯಕ್ಕೆ ಮುನ್ನ ಕಣ್ಣು ತೆರೆದು ಉಸಿರೆಳೆದುಕೊಳ್ಳುವ ಒಂದು ಕ್ಷಣ ಇಡೀ ಗಾಯನವನ್ನು ನಿಲ್ಲಿಸುತ್ತದೆ. 1994ರ ಏಪ್ರಿಲ್‌ನಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಕಛೇರಿಯ ಆಲ್ಬಂ ಬಂದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಆಲ್ಬಂನ ಕೇಳುಗರೆಲ್ಲರಿಗೂ ಗಾಯಕನ ಅಂತ್ಯ ತಿಳಿದಿತ್ತು. ಕಛೇರಿಯಲ್ಲಿ ಕುಳಿತಿದ್ದವರಿಗೆ ತಿಳಿದಿರಲಿಲ್ಲ. ಹಾಗಾದರೆ ಮೂಲವನ್ನು ಮೀರಿದ್ದು ಗಾಯನವೋ, ಗಾಯನದ ಮೇಲೆ ಅನಂತರ ಬಿದ್ದ ಮರಣದ ನೆರಳೋ? ನನ್ನ ಮಟ್ಟಿಗೆ ಕೊನೆಯ ಚರಣದ ಆ ಜಿಗಿತ ನೆರಳಿಲ್ಲದೆಯೂ ನಿಲ್ಲುತ್ತದೆ. ಆದರೆ ಅದನ್ನು ಲೆಡ್ ಬೆಲಿಗಿಂತ ಮೇಲೆಂದು ಸಾರುವವರು ಸಂಯಮದ ಒಂದು ಸೌಂದರ್ಯವನ್ನು ಆರ್ತನಾದದ ಮತ್ತೊಂದು ಸೌಂದರ್ಯದಿಂದ ಅಳೆಯುತ್ತಿದ್ದಾರೆ. ಅಂತಹ ಅಳತೆ ನ್ಯಾಯವಾದುದಲ್ಲ.

೫. ಮೂಲದ ಹಿಂದಿನ ಹುಡುಗಿ

ಮೀರುವಿಕೆಯ ಚರ್ಚೆಯಲ್ಲಿ ನಮ್ಮನ್ನು ಹೆಚ್ಚು ಕಾಡಬೇಕಾದುದು ‘ಹೌಸ್ ಆಫ್ ದ ರೈಸಿಂಗ್ ಸನ್’ ಗೀತೆಯ ಚರಿತ್ರೆ. 1937ರಲ್ಲಿ ಕೆಂಟಕಿಯ ಮಿಡಲ್ಸ್‌ಬರೊ ಎಂಬ ಗಣಿಪಟ್ಟಣದಲ್ಲಿ ಸಂಗ್ರಾಹಕ ಆಲನ್ ಲೊಮ್ಯಾಕ್ಸ್ ಇದನ್ನು 16 ವರ್ಷದ ಜಾರ್ಜಿಯಾ ಟರ್ನರ್ ಎಂಬ ಗಣಿಕಾರ್ಮಿಕನ ಮಗಳಿಂದ ಧ್ವನಿಮುದ್ರಿಸಿಕೊಂಡರು. ಇದಕ್ಕೆ ಮೊದಲೇ, 1933ರಲ್ಲಿ, ಕ್ಲಾರೆನ್ಸ್ ಆಶ್ಲಿ ಮತ್ತು ಗ್ವೆನ್ ಫಾಸ್ಟರ್ ಇದನ್ನು ಮುದ್ರಿಸಿದ್ದರು. ಟರ್ನರ್ ಅವರ ಪಾಠದಲ್ಲಿ ಹಾಡುವವಳು ಹೆಣ್ಣು. ಕೆಟ್ಟ ಮನೆಯೊಂದರಲ್ಲಿ ಬಾಳು ಹಾಳಾದವಳು ತನ್ನ ತಂಗಿಗೆ ನೀಡುವ ಎಚ್ಚರಿಕೆ ಅದು. ಬಾಬ್ ಡಿಲನ್ ತಮ್ಮ 1962ರ ಮೊದಲ ಆಲ್ಬಂನಲ್ಲಿ ಈ ಹೆಣ್ಣುದನಿಯನ್ನು ಉಳಿಸಿಕೊಂಡರು. 1964ರಲ್ಲಿ ಇಂಗ್ಲೆಂಡಿನ ಆ್ಯನಿಮಲ್ಸ್ ತಂಡ ಪ್ರವಾಸ ಕಾರ್ಯಕ್ರಮಗಳ ವೇದಿಕೆಯಲ್ಲಿ ಹಾಡಿ ಹದಗೊಳಿಸಿದ ಈ ಗೀತೆಯನ್ನು ಸ್ಟುಡಿಯೋದಲ್ಲಿ ಒಂದೇ ಸಲಕ್ಕೆ ಹಾಡಿ ಮುದ್ರಿಸಿತು. ಅಷ್ಟರಲ್ಲಿ ಹೆಣ್ಣು ಗಂಡಾಗಿದ್ದಳು.

ಆ್ಯನಿಮಲ್ಸ್ ಗಾಯನ ಅದ್ಭುತವಾದುದು ಎಂಬುದರಲ್ಲಿ ಸಂಶಯವಿಲ್ಲ. ಎರಿಕ್ ಬರ್ಡನ್ ಅವರ ಕಂಠ, ಆಲನ್ ಪ್ರೈಸ್ ಅವರ ಆರ್ಗನ್ ಈ ಹಾಡನ್ನು ಜಗತ್ತಿಗೆ ತಲುಪಿಸಿದವು. ಆದರೆ ಶೋಷಣೆಗೊಳಗಾದ ಹೆಣ್ಣಿನ ಅನುಭವ ಇಲ್ಲಿ ದಾರಿತಪ್ಪಿದ ಗಂಡುಮಗನ ಪಶ್ಚಾತ್ತಾಪವಾಗಿ ಮಾರ್ಪಟ್ಟಿತು. ದನಿಯ ದೃಷ್ಟಿಯಿಂದ ಮೀರಿದ ಗಾಯನ ಅನುಭವದ ದೃಷ್ಟಿಯಿಂದ ಮೂಲವನ್ನು ಅಳಿಸಿತು. ಮುದ್ರಿಕೆಯ ಮೇಲೆ ಸಂಯೋಜಕನ ಹೆಸರು ಆಲನ್ ಪ್ರೈಸ್ ಒಬ್ಬರದೇ. ಟರ್ನರ್ ಅವರಿಗೆ ಬದುಕಿನ ಕೊನೆಗಾಲದಲ್ಲಿ ತಲುಪಿದ ಹಣ ಅತ್ಯಲ್ಪ.

ಇದೇ ಗೀತೆಗೆ ಸಂಬಂಧಿಸಿದ ಪ್ರಸಂಗವೊಂದನ್ನು ಗಾಯಕ ಡೇವ್ ವ್ಯಾನ್ ರಾಂಕ್ ಹೇಳಿಕೊಂಡಿದ್ದಾರೆ. ಡಿಲನ್ ಹಾಡಿದ್ದು ಅವರ ಸಂಯೋಜನೆಯನ್ನು. ಡಿಲನ್ ಅವರ ಆಲ್ಬಂ ಬಂದ ಮೇಲೆ ವ್ಯಾನ್ ರಾಂಕ್ ಹಾಡಿದಾಗ ಕೇಳುಗರು ಅವರನ್ನೇ ಅನುಕರಣಕಾರನೆಂದು ಬಗೆದರು. ಅವರು ಹಾಡುವುದನ್ನು ನಿಲ್ಲಿಸಿದರು. ಆ್ಯನಿಮಲ್ಸ್ ಬಂದ ಮೇಲೆ ಡಿಲನ್ ಅವರಿಗೂ ಅದೇ ಗತಿಯಾಗಿ ಅವರೂ ನಿಲ್ಲಿಸಿದರು. ಮೀರಿದ ಗಾಯನ ತನಗಿಂತ ಹಿಂದಿನವರ ಬಾಯಿಯಿಂದ ಹಾಡನ್ನು ಕಸಿದುಕೊಳ್ಳಬಲ್ಲದು.

೬. ನಮ್ಮ ಕ್ಷೇತ್ರದ ಮಟ್ಟಿಗೆ

ಈ ವಿವೇಚನೆ ಕನ್ನಡ ಜಾನಪದಕ್ಕೆ ಹೊರಗಿನದಲ್ಲ. ಫಿನ್ಲೆಂಡಿನ ಲೌರಿ ಹೊಂಕೊ ಅವರು ಗೋಪಾಲ ನಾಯ್ಕರಿಂದ ದಾಖಲಿಸಿ 1998ರಲ್ಲಿ ಪ್ರಕಟಿಸಿದ ತುಳುವಿನ ಸಿರಿ ಸಂಧಿ 15,683 ಸಾಲುಗಳಷ್ಟು ದೀರ್ಘವಾದುದು. ಈ ಕಾರ್ಯದಲ್ಲಿ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅವರೂ ಜೊತೆಗಿದ್ದರು. ಗಾಯಕನ ಮನಸ್ಸಿನಲ್ಲಿರುವ ‘ಮಾನಸಿಕ ಪಠ್ಯ’ ಬೇರೆ, ಸಂದರ್ಭಕ್ಕೆ ತಕ್ಕಂತೆ ಹೊಮ್ಮುವ ಪ್ರದರ್ಶನ ಬೇರೆ ಎಂದು ಹೊಂಕೊ ಗುರುತಿಸಿದರು. ಹಾಗಿದ್ದೂ ಮುದ್ರಿತ ಗ್ರಂಥ ಗ್ರಂಥಾಲಯವನ್ನು ಸೇರಿದೊಡನೆ ಅದೇ ಮೂಲವೆಂಬ ಮಾನ್ಯತೆ ಪಡೆಯುವುದನ್ನು ತಡೆಯುವುದು ಕಷ್ಟ. ಶಿಶುನಾಳ ಷರೀಫರ ತತ್ವಪದಗಳ ವಿಷಯದಲ್ಲಿಯೂ ಇದೇ ಆಗಿದೆ. ಭಜನಾ ಮೇಳಗಳಲ್ಲಿ ಹಲವು ಮಟ್ಟುಗಳಲ್ಲಿ ಉಳಿದುಬಂದ ಪದಗಳಿಗೆ ಸಿ. ಅಶ್ವತ್ಥ್ ಅವರ ಗಾಯನವೇ ನಗರದ ಕೇಳುಗರ ಪಾಲಿಗೆ ಮೂಲವಾಯಿತು. ರಘು ದೀಕ್ಷಿತ್ ತಮ್ಮ ತಂಡದೊಂದಿಗೆ ‘ಗುಡುಗುಡಿಯ ಸೇದಿ ನೋಡೋ’ ಪದವನ್ನು ರಾಕ್ ವಾದ್ಯಗಳೊಂದಿಗೆ ಹಾಡಿ 2008ರ ಆಲ್ಬಂನಲ್ಲಿ ಸೇರಿಸಿದ ಮೇಲೆ ಇನ್ನೊಂದು ಪೀಳಿಗೆಗೆ ಅದೇ ಮೂಲ.

ಇಲ್ಲಿ ನನ್ನದೇ ತಪ್ಪೊಂದನ್ನು ದಾಖಲಿಸುವುದು ಕರ್ತವ್ಯವೆಂದು ಭಾವಿಸುತ್ತೇನೆ. ಸಂಶೋಧನೆ ಮುಗಿಸಿದ ಹೊಸದರಲ್ಲಿ ತಾಲ್ಲೂಕು ಮಟ್ಟದ ಜನಪದ ಗೀತಗಾಯನ ಸ್ಪರ್ಧೆಯೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ವಯಸ್ಸಾದ ಹೆಣ್ಣುಮಗಳೊಬ್ಬರು ಸೋಬಾನೆ ಪದವೊಂದನ್ನು ಹಾಡಿದರು. ಅದರ ಮುದ್ರಿತ ಪಾಠ ನನ್ನ ಕೈಯಲ್ಲಿತ್ತು. ಅವರು ಎರಡು ನುಡಿಗಳನ್ನು ಬಿಟ್ಟು, ಪುಸ್ತಕದಲ್ಲಿ ಇಲ್ಲದ ಮೂರು ನುಡಿಗಳನ್ನು ಸೇರಿಸಿದರು. ಸಾಹಿತ್ಯಶುದ್ಧಿಯ ಕಲಮಿನಲ್ಲಿ ನಾನು ಅಂಕ ಕಡಿತಗೊಳಿಸಿದೆ. ಆಮೇಲೆ ವಿಚಾರಿಸಿದಾಗ ಅವರು ಬೇಸರವಿಲ್ಲದೆ ಹೇಳಿದರು: “ಅದು ಪುಸ್ತಕದ ಪದ ಸ್ವಾಮಿ. ಇದು ನಮ್ಮತ್ತೆ ಹೇಳ್ಕೊಟ್ಟ ಪದ.” ಆ ಮೂರು ನುಡಿಗಳನ್ನು ನಾನು ಬರೆದುಕೊಳ್ಳಲಿಲ್ಲ. ಕೆಲವು ವರ್ಷಗಳ ನಂತರ ಅವರ ಊರಿಗೆ ಹೋದಾಗ ಅವರಿರಲಿಲ್ಲ. ಸೊಸೆಯಂದಿರಿಗೆ ಆ ನುಡಿಗಳು ಬರುತ್ತಿರಲಿಲ್ಲ. ಲಾರ್ಡ್ ಅವರನ್ನೂ ಬೌಮನ್ ಅವರನ್ನೂ ಓದಿಕೊಂಡಿದ್ದ ನಾನು ಧ್ವನಿಮುದ್ರಿಕೆಯನ್ನು ಮೂಲವೆಂದು ನಂಬಿದ ರಾಕ್ ಅಭಿಮಾನಿಗಿಂತ ಬೇರೆಯಾಗಿ ವರ್ತಿಸಿರಲಿಲ್ಲ.

೭. ಸಮಾರೋಪ

ಮೇಲಿನ ನಿದರ್ಶನಗಳಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ವೇದಿಕೆಯ ಮರುಗಾಯನ ಮೂಲವನ್ನು ಮೀರಬಲ್ಲದು. ಆದರೆ ಮೂಲದ ನಕಲಾಗಲು ಒಪ್ಪದೆ, ಮೂಲದಲ್ಲಿ ಅಡಗಿದ್ದು ಹೊರಬರದೆ ಉಳಿದ ಸಾಧ್ಯತೆಯನ್ನು ಹೊರತಂದಾಗ ಮಾತ್ರ. ಕಾಕರ್ ಅವರ ಗೆಲುವು ಈ ಬಗೆಯದು. ವೇದಿಕೆ ಎಂಬುದು ತಾನಾಗಿ ಯಾವ ಶ್ರೇಷ್ಠತೆಯನ್ನೂ ನೀಡುವುದಿಲ್ಲ. ಹೆಂಡ್ರಿಕ್ಸ್ ಅವರ ಎರಡು ರೂಪಗಳು ಇದಕ್ಕೆ ಸಾಕ್ಷಿ. ಗಾಯನದ ಸತ್ವವನ್ನು ಗಾಯಕನ ಬದುಕಿನ ಕಥೆಯಿಂದ ಬಿಡಿಸಿ ನೋಡುವ ಎಚ್ಚರ ಬೇಕೆಂಬುದು ಕೊಬೇನ್ ಅವರ ನಿದರ್ಶನದಿಂದ ತಿಳಿಯುತ್ತದೆ.

ಮೀರಿದ ಪ್ರದರ್ಶನವೂ ದಾಖಲಾದ ಕ್ಷಣದಿಂದ ಹೊಸ ಮೂಲವಾಗಿ ಹೆಪ್ಪುಗಟ್ಟುತ್ತದೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ವುಡ್‌ಸ್ಟಾಕ್ ಗಾಯನ ನಮಗೆ ದೊರೆತಿರುವುದು 1970ರ ಚಲನಚಿತ್ರದ ಮೂಲಕ. 2014ರಲ್ಲಿ ತೀರಿಕೊಳ್ಳುವವರೆಗೆ ಕಾಕರ್ ಈ ಹಾಡನ್ನು ದಶಕಗಳ ಕಾಲ ಹಾಡಿದರು; ಪ್ರತಿಬಾರಿಯೂ ಕೇಳುಗರು ಅವರನ್ನು ಆ ಒಂದು ಮಧ್ಯಾಹ್ನದೊಂದಿಗೆ ಹೋಲಿಸಿದರು.

ಮೀರುವುದೆಂದರೆ ಅಳಿಸುವುದಾಗಬಾರದು. ಹೆಂಡ್ರಿಕ್ಸ್ ಮೀರಿದಾಗ ಡಿಲನ್ ಉಳಿದರು, ಏಕೆಂದರೆ ಡಿಲನ್ ಅವರ ಹೆಸರು ಹಾಡಿನೊಂದಿಗೆ ಅಂಟಿಕೊಂಡಿತ್ತು. ಆ್ಯನಿಮಲ್ಸ್ ಮೀರಿದಾಗ ಜಾರ್ಜಿಯಾ ಟರ್ನರ್ ಮರೆಯಾದರು, ಏಕೆಂದರೆ ಆಕೆಯ ಹೆಸರನ್ನು ಹೇಳುವ ಹೊಣೆಯನ್ನು ಯಾರೂ ಹೊತ್ತಿರಲಿಲ್ಲ. ಯಾರ ಹಾಡನ್ನು ಯಾರು ಮೀರಿದರು ಎಂದು ತೀರ್ಪು ಕೊಡುವ ಮುನ್ನ ಯಾರ ಬಾಯಿಂದ ಅದನ್ನು ಪಡೆದರು ಎಂಬುದನ್ನು ದಾಖಲಿಸುವುದು ವಿಮರ್ಶಕನ ಮೊದಲ ಕೆಲಸ. ಜಾನಪದ ಸಂಗ್ರಾಹಕನಿಗೂ ಈ ಮಾತು ಅನ್ವಯಿಸುತ್ತದೆ. ಗ್ರಂಥಾಲಯದ ಕಪಾಟಿನಲ್ಲಿರುವ ನಮ್ಮ ಸಂಗ್ರಹಗಳು ಮೂಲವಲ್ಲ. ಒಂದು ದಿನ, ಒಂದು ಜಗಲಿಯ ಮೇಲೆ, ಒಬ್ಬರು ಹಾಡಿದ ಒಂದು ಗಾಯನ ಮಾತ್ರ. ಅವನ್ನು ಮೀರಿ ಹಾಡುವವರು ಎದುರಾದಾಗ ಅಂಕ ಕಳೆಯದೆ ಬರೆದುಕೊಳ್ಳುವುದು ಒಳಿತು.